ಮನೆಗೆ ಬಂದ ಜೇಡ, ಹುಳುಗಳನ್ನು ದಯೆಯಿಂದ ನಡೆಸಿಕೊಳ್ಳುವುದು ಹೇಗೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಮನೆಗಳಿಗೆ ಕರೆಯದೆ ಬರುವವರ ಸಂಖ್ಯೆ ಒಮ್ಮೆಲೇ ಹೆಚ್ಚುತ್ತದೆ. ಊಟದ ಕೋಣೆಯ ಗೋಡೆಯ ಮೇಲೆ ಅಂಗೈಯಗಲದ ಕಂದು ಜೇಡ, ಬಚ್ಚಲಿನ ಬಕೆಟ್ಟಿನಲ್ಲಿ ಬೆನ್ನ ಮೇಲಾಗಿ ಒದ್ದಾಡುವ ದುಂಬಿ, ಜಗಲಿಯ ದೀಪದ ಸುತ್ತ ರೆಕ್ಕೆ ಗೆದ್ದಲಿನ ಮೋಡ, ಗಂಬೂಟಿನ ತುದಿಯಲ್ಲಿ ಮುದುರಿ ಕುಳಿತ ಜರಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಆ ತಿಂಗಳುಗಳಲ್ಲಿ ತೋಟದ ನಡುವೆ ಒಣಗಿ ಉಳಿಯುವ ಜಾಗವೆಂದರೆ ನಮ್ಮ ಮನೆ, ಕಟ್ಟಿಗೆಯ ಕೊಟ್ಟಿಗೆ ಮತ್ತು ಕಾಫಿ ಗೋದಾಮು ಮಾತ್ರ. ಅದನ್ನು ಹುಡುಕಿಕೊಂಡು ಬರುವವರು ನಾವಷ್ಟೇ ಆಗಿರಲು ಸಾಧ್ಯವಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಜುಲೈ ರಾತ್ರಿ, ಅಂಥದೊಂದು ದೊಡ್ಡ ಜೇಡವನ್ನು ಪೊರಕೆಯ ತುದಿಗೆ ಹತ್ತಿಸಿಕೊಂಡು ಅಂಗಳಕ್ಕೆ ಎಸೆದು, ಕೊಲ್ಲದೆ ಬಿಟ್ಟೆನಲ್ಲ ಎಂಬ ಸಮಾಧಾನದಲ್ಲಿ ಬಾಗಿಲು ಹಾಕಿಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಅದು ಮೆಟ್ಟಿಲ ಬುಡದಲ್ಲಿ ನಿಂತ ನೀರಿನಲ್ಲಿ ಎಂಟೂ ಕಾಲುಗಳನ್ನು ಹೊಟ್ಟೆಯ ಕಡೆಗೆ ಮುದುರಿಕೊಂಡು ಬಿದ್ದಿತ್ತು. ಜೇಡ ಕಾಲು ಚಾಚುವುದು ದೇಹದೊಳಗಿನ ದ್ರವದ ಒತ್ತಡದಿಂದ. ಜೀವ ಹೋದಾಗ ಆ ಒತ್ತಡ ಇಳಿದು ಕಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ನಾನು ಚಪ್ಪಲಿಯಿಂದ ಮಾಡದ ಕೆಲಸವನ್ನು ಮಳೆಯ ಕೈಯಲ್ಲಿ ಮಾಡಿಸಿದ್ದೆನಷ್ಟೆ. ಈ ಮಾರ್ಗದರ್ಶಿಯ ಬಹುಭಾಗ ಅಲ್ಲಿಂದ ಕಲಿತದ್ದು: ಹುಳುವನ್ನು ಹೇಗೆ ಹಿಡಿಯಬೇಕು ಎನ್ನುವುದಕ್ಕಿಂತ ಅದನ್ನು ಎಲ್ಲಿ ಬಿಡಬೇಕು, ಬಿಡಲೇಬೇಕೆ ಎನ್ನುವುದು ಮುಖ್ಯವಾದ ಪ್ರಶ್ನೆ.

ಮೊದಲು ನೋಡಿ, ಆಮೇಲೆ ಎದ್ದೇಳಿ

ಯಾವುದೇ ಹುಳು ಕಂಡ ಕೂಡಲೇ ಕೈಗೆ ಏನು ಸಿಕ್ಕಿತೋ ಅದನ್ನು ಎತ್ತಿಕೊಳ್ಳದೆ ಅರ್ಧ ನಿಮಿಷ ನೋಡುವುದು ಮೊದಲ ಹೆಜ್ಜೆ. ಇದು ಮನೆಯಲ್ಲೇ ಬಾಳುವ ಜೀವಿಯೇ, ಇಲ್ಲವೆ ದಾರಿ ತಪ್ಪಿ ಒಳಗೆ ಬಂದದ್ದೇ ಎಂಬುದನ್ನು ಆ ಅರ್ಧ ನಿಮಿಷದಲ್ಲಿ ತೀರ್ಮಾನಿಸಬೇಕು, ಏಕೆಂದರೆ ಮುಂದಿನದೆಲ್ಲವೂ ಅದನ್ನೇ ಅವಲಂಬಿಸಿರುತ್ತದೆ.

ಮನೆಯಲ್ಲೇ ಬಾಳುವ ಜೇಡಗಳಲ್ಲಿ ಮೂರನ್ನು ಗುರುತಿಸಲು ಕಲಿತರೆ ಸಾಕು. ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿ ಕೂರುವ, ಕಾಲು ಚಾಚಿದರೆ ಏಳರಿಂದ ಹನ್ನೆರಡು ಸೆಂಟಿಮೀಟರ್ ಅಗಲವಾಗುವ ಕಂದು ಜೇಡ ಬಲೆ ನೇಯುವುದಿಲ್ಲ. ರಾತ್ರಿ ಗೋಡೆಯಿಂದ ಗೋಡೆಗೆ ಓಡಾಡಿ ಜಿರಲೆಗಳನ್ನು ಬೇಟೆಯಾಡುತ್ತದೆ. ನೋಡಲು ಎದೆ ಝಲ್ಲೆನ್ನಿಸುವುದು ನಿಜ, ಆದರೆ ಒತ್ತಿ ಹಿಡಿದರೆ ಮಾತ್ರ ಕಚ್ಚುತ್ತದೆ, ಕಚ್ಚಿದರೂ ಆ ಜಾಗದಲ್ಲಿ ಸ್ವಲ್ಪ ಹೊತ್ತು ನೋವು, ಊತ ಇದ್ದು ಹೋಗುತ್ತದೆ. ಎರಡನೆಯದು ಮೂಲೆಗಳಲ್ಲಿ ಅಡ್ಡಾದಿಡ್ಡಿ ಎಳೆಗಳ ನಡುವೆ ತಲೆಕೆಳಗಾಗಿ ತೂಗುವ, ದಾರದಂಥ ಉದ್ದ ಕಾಲಿನ ಬಡಕಲು ಜೇಡ. ಉಸಿರು ತಾಗಿದರೂ ಸಾಕು, ಬಲೆಯ ಸಮೇತ ತನ್ನನ್ನು ಎಷ್ಟು ಜೋರಾಗಿ ಅಲುಗಾಡಿಸಿಕೊಳ್ಳುತ್ತದೆಂದರೆ ಕಣ್ಣಿಗೆ ಬರೀ ಮಸುಕು ಕಾಣುತ್ತದೆ. ಸೊಳ್ಳೆಗಳನ್ನೂ ಬೇರೆ ಜೇಡಗಳನ್ನೂ ತಿನ್ನುವ ಈ ಪ್ರಾಣಿಯಿಂದ ಮನುಷ್ಯರಿಗೆ ಯಾವ ತೊಂದರೆಯೂ ಇಲ್ಲ. ಮೂರನೆಯದು ಕಿಟಕಿಯ ಚೌಕಟ್ಟಿನ ಮೇಲೆ ಬಿಸಿಲಿದ್ದಾಗ ಕಾಣಿಸುವ, ಕಡಲೆಕಾಳಿಗಿಂತ ತುಸು ದೊಡ್ಡದಾದ ನೆಗೆಯುವ ಜೇಡ. ಬೆರಳನ್ನು ಎದುರಿಗೆ ಆಡಿಸಿ ನೋಡಿ, ಅದು ಪೂರ್ತಿ ಮೈ ತಿರುಗಿಸಿ ತನ್ನ ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ನಿಮ್ಮನ್ನೇ ನೋಡುತ್ತದೆ. ಜೇಡವೆಂದರೆ ಹೆದರುವ ಮಕ್ಕಳಿಗೆ ಮೊದಲು ಇದನ್ನೇ ತೋರಿಸಬೇಕೆಂಬುದು ನನ್ನ ಅಭಿಪ್ರಾಯ.

ಈ ಮೂವರನ್ನೂ ಹೊರಹಾಕುವ ಅಗತ್ಯವೇ ಇಲ್ಲ. ಹಾಸಿಗೆಯ ಮೇಲೋ ಅಡುಗೆಯ ಕಟ್ಟೆಯ ಮೇಲೋ ಇದ್ದರೆ ಮನೆಯೊಳಗೇ ಬೇರೆ ಜಾಗಕ್ಕೆ ಸಾಗಿಸಿದರೆ ಸಾಕು. ಇದಕ್ಕೆ ವಿರುದ್ಧವಾಗಿ ಪತಂಗ, ಚಿಟ್ಟೆ, ಜೇನುಹುಳ, ಮಿಡತೆ, ಕಡ್ಡಿಹುಳ, ಮಿಂಚುಹುಳ, ತೋಟದ ದುಂಬಿಗಳು ಮನೆಯೊಳಗೆ ಹಸಿವಿನಿಂದ ಸಾಯುತ್ತವೆ. ಇವುಗಳನ್ನು ಹೊರಗೆ ಕಳಿಸಲೇಬೇಕು. ತೋಟದಲ್ಲಿ ಕಾಫಿ ಗಿಡಗಳ ನಡುವೆ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ಜೇಡವಾಗಲಿ, ಬಲೆಯ ನಡುವೆ ಬಿಳಿ ಗುಣಾಕಾರದ ಗುರುತು ನೇಯುವ ಜೇಡವಾಗಲಿ ಸೊಪ್ಪು, ಹೂವಿನೊಂದಿಗೆ ಒಳಗೆ ಬಂದಿದ್ದರೆ ಅವೂ ಹೊರಗಿನವೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಮೈಮೇಲೆ ಗೆರೆಯಂತೆ ಉರಿಗುಳ್ಳೆಗಳು ಎದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವುದು ನಮ್ಮಲ್ಲಿ ರೂಢಿ. ಜೇಡ ಮನುಷ್ಯರ ಮೈಮೇಲೆ ಹಾಗೆ ಏನನ್ನೂ ಹೊಯ್ಯುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ, ಕಿತ್ತಳೆ ಮತ್ತು ಕಪ್ಪು ಪಟ್ಟಿಗಳಿರುವ, ನೋಡಲು ಇರುವೆಯಂತಿರುವ ಒಂದು ಹುಳುವಿದೆ. ಅದನ್ನು ಮೈಮೇಲೆ ಉಜ್ಜಿದಾಗ ಅದರ ದೇಹದೊಳಗಿನ ದ್ರವ ತಾಗಿ ಮರುದಿನ ಚರ್ಮ ಸುಟ್ಟಂತೆ ಗುಳ್ಳೆ ಏಳುತ್ತದೆ. ಎಷ್ಟೋ ಸಲ ಜೇಡದ ತಲೆಗೆ ಕಟ್ಟುವ ಗುಳ್ಳೆಗಳು ಇದರವು. ಇನ್ನು ಕೆಲವು ಸರ್ಪಸುತ್ತಿನವು, ಅದಕ್ಕೆ ವೈದ್ಯರನ್ನೇ ಕಾಣಬೇಕು. ಆ ಹುಳು ಮೈಮೇಲೆ ಕುಳಿತರೆ ಹೊಡೆಯದೆ ಬಾಯಿಯಿಂದ ಊದಿ ಹಾರಿಸಿ, ಅಥವಾ ಕಾಗದದ ಅಂಚಿಗೆ ಹತ್ತಿಸಿಕೊಂಡು ಆಚೆ ಬಿಟ್ಟು, ಆ ಜಾಗವನ್ನು ಸೋಪು ಹಾಕಿ ತೊಳೆಯಿರಿ. ಕೊಲ್ಲದಿರುವುದು ಹುಳುವಿಗೂ ನಿಮಗೂ ಒಟ್ಟಿಗೇ ಒಳ್ಳೆಯದಾಗುವ ಸಂದರ್ಭ ಇದು.

ಬೇಕಾಗುವ ಸಾಮಾನು

ಅಗಲ ಬಾಯಿಯ, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿಯೊಂದು ಬೇಕು. ಸ್ಟೀಲ್ ಲೋಟ ಬೇಡ, ಏಕೆಂದರೆ ಒಳಗೆ ಹುಳು ಎಲ್ಲಿದೆ ಎಂದು ತಿಳಿಯುವುದಿಲ್ಲ, ಮತ್ತು ದೊಡ್ಡ ಜೇಡದ ಕಾಲುಗಳು ಅದರ ಅಂಚಿಗೆ ಸಿಕ್ಕಿ ಮುರಿಯುತ್ತವೆ. ಬಾಯಿ ಮುಚ್ಚಲು ಹಳೆಯ ಮದುವೆ ಕರೆಯೋಲೆಗಿಂತ ಉತ್ತಮವಾದದ್ದು ಇನ್ನೂ ನನಗೆ ಸಿಕ್ಕಿಲ್ಲ: ಪತ್ರಿಕೆಯ ಹಾಳೆಯಂತೆ ಬಾಗುವುದಿಲ್ಲ, ರಟ್ಟಿನಷ್ಟು ದಪ್ಪವಿಲ್ಲದ್ದರಿಂದ ಗೋಡೆ ಮತ್ತು ಡಬ್ಬಿಯ ನಡುವೆ ಸಲೀಸಾಗಿ ಜಾರುತ್ತದೆ, ನುಣುಪಾಗಿದ್ದರೆ ಜೇಡಕ್ಕೆ ಹಿಡಿತವೂ ಸಿಗುವುದಿಲ್ಲ. ಮಳೆಗಾಲದಲ್ಲಿ ಮದುವೆಗಳು ಕಡಿಮೆಯಾದರೂ ಬೇಸಿಗೆಯ ಸಂಗ್ರಹ ವರ್ಷಕ್ಕೆ ಸಾಲುತ್ತದೆ. ಇವೆರಡರ ಜೊತೆಗೆ ಬಣ್ಣ ಹಚ್ಚುವ ಮೆತ್ತನೆಯ ಕುಂಚ ಮತ್ತು ಒಂದು ಉದ್ದನೆಯ ಇಕ್ಕಳ ಇದ್ದರೆ ಸಾಕು. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿ. ಹುಡುಕಬೇಕಾಗಿ ಬಂದರೆ ಅಷ್ಟರಲ್ಲಿ ಯಾರಾದರೂ ಪೊರಕೆ ಎತ್ತಿಕೊಂಡಿರುತ್ತಾರೆ.

ದೊಡ್ಡ ಜೇಡವನ್ನು ಸಾಗಿಸುವ ಕ್ರಮ

ಮೊದಲು ಕೋಣೆಯ ಫ್ಯಾನ್ ನಿಲ್ಲಿಸಿ, ಬೆಕ್ಕು ನಾಯಿಗಳನ್ನು ಹೊರಗೆ ಕಳಿಸಿ, ಒಬ್ಬರನ್ನು ಬಿಟ್ಟು ಉಳಿದವರು ದೂರ ನಿಲ್ಲಬೇಕು. ಜೇಡ ಮನುಷ್ಯರ ಕೂಗಿಗಿಂತ ಗಾಳಿಯ ಅಲುಗಾಟ ಮತ್ತು ಗೋಡೆಯ ಕಂಪನಕ್ಕೆ ಬೆದರುತ್ತದೆ, ಆದ್ದರಿಂದ ಹತ್ತಿರ ಹೋಗುವಾಗ ಗೋಡೆಯನ್ನು ಮುಟ್ಟದೆ, ಡಬ್ಬಿಯನ್ನು ನಿಧಾನವಾಗಿ, ಗೋಡೆಗೆ ನೇರವಾಗಿ ಮುಂದಕ್ಕೆ ತನ್ನಿ. ಕೊನೆಯ ಒಂದು ಗೇಣು ಇರುವಾಗ ತಡೆಯದೆ ಮುಚ್ಚಿಬಿಡಬೇಕು. ಅಲ್ಲಿ ಅನುಮಾನಿಸಿದರೆ ಜೇಡ ಓಡುತ್ತದೆ. ಅಂಚು ಯಾವ ಕಾಲಿನ ಮೇಲೂ ಕೂರದಂತೆ ನೋಡಿಕೊಳ್ಳಿ. ಅಕಸ್ಮಾತ್ ಒಂದು ಕಾಲು ಹೊರಗುಳಿದರೆ ಡಬ್ಬಿಯನ್ನು ಕೂದಲೆಳೆಯಷ್ಟು ಎತ್ತಿ, ಕುಂಚದಿಂದ ಆ ಕಾಲನ್ನು ಮುಟ್ಟಿದರೆ ಅದು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬಲವಂತ ಮಾಡಿದರೆ ಜೇಡ ಕಾಲನ್ನೇ ಕಳಚಿ ಬಿಟ್ಟುಹೋಗುತ್ತದೆ. ಎಳೆಯ ಜೇಡವಾದರೆ ಮುಂದಿನ ಸಲ ಪೊರೆ ಬಿಡುವಾಗ ಹೊಸ ಕಾಲು ಮೂಡಬಹುದು, ಬಲಿತದ್ದಕ್ಕೆ ಆ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ.

ಬಳಿಕ ಕರೆಯೋಲೆಯನ್ನು ಒಂದು ಬದಿಯಿಂದ, ಗೋಡೆಗೆ ಒರಸಿಕೊಂಡು, ಜೇಡಕ್ಕೆ ಕಾಲೆತ್ತಲು ಸಮಯ ಕೊಟ್ಟು ಒಳಗೆ ಸರಿಸಿ. ಇಲ್ಲಿ ಅವಸರ ಸಲ್ಲದು. ಪೂರ್ತಿ ಮುಚ್ಚಿದ ಮೇಲೆ ಅಂಗೈಯನ್ನು ಕರೆಯೋಲೆಯ ಹಿಂದೆ ಒತ್ತಿಹಿಡಿದು, ಡಬ್ಬಿಯನ್ನು ತಲೆಕೆಳಗು ಮಾಡದೆ, ಅಡ್ಡವಾಗಿಯೇ ಹಿಡಿದು ನಡೆಯಿರಿ. ತುಂಬ ಮೇಲಿರುವ ಜೇಡವನ್ನು ಕೋಲಿನಿಂದ ಕೆಡವಬೇಡಿ. ತುಂಬಿದ ಹೊಟ್ಟೆಯ ಜೇಡ ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆಯುವುದುಂಟು. ಕೈಗೆಟುಕದಿದ್ದರೆ ಬಿಟ್ಟುಬಿಡಿ, ಬೆಳಗಾಗುವುದರೊಳಗೆ ಅದು ಎಲ್ಲಿಗೋ ಹೋಗಿರುತ್ತದೆ.

ಕೆಲವೊಮ್ಮೆ ಹೆಣ್ಣು ಜೇಡ ತನ್ನ ಎದೆಯ ಕೆಳಗೆ ಬಿಳಿಯ, ದುಂಡನೆಯ, ಚಪ್ಪಟೆ ಬಿಸ್ಕತ್ತಿನಂಥ ವಸ್ತುವನ್ನು ತಬ್ಬಿಕೊಂಡಿರುತ್ತದೆ. ಅದು ನೂರಾರು ಮೊಟ್ಟೆಗಳಿರುವ ಚೀಲ. ಆ ಸ್ಥಿತಿಯಲ್ಲಿ ಅದು ಬೇಟೆಯನ್ನೂ ಬಿಟ್ಟು ವಾರಗಟ್ಟಲೆ ಒಂದೇ ಕಡೆ ಕೂರುತ್ತದೆ, ಮತ್ತು ಹೆದರಿದರೆ ಚೀಲವನ್ನು ಕೆಡವಿ ಓಡಬಹುದು. ಅದು ಮಂಚದ ತಲೆಬದಿಯಲ್ಲೇ ಇದ್ದರೆ ಮಾತ್ರ, ಸಾಧ್ಯವಾದಷ್ಟು ದೊಡ್ಡ ಡಬ್ಬಿಯಲ್ಲಿ ತಾಯಿ ಮತ್ತು ಚೀಲ ಎರಡನ್ನೂ ಒಟ್ಟಿಗೆ ಸಾಗಿಸಿ. ಬೇರೆ ಕಡೆಯಿದ್ದರೆ ಮುಟ್ಟದಿರುವುದೇ ಸರಿ. ಮರಿಗಳೆಲ್ಲ ಮನೆ ತುಂಬಿಬಿಡುತ್ತವೆ ಎಂದು ಅಂಜಬೇಕಾಗಿಲ್ಲ, ಹಲ್ಲಿಗಳೂ ಹಸಿವೂ ಸೇರಿ ಬಹುಪಾಲನ್ನು ಕೆಲವೇ ದಿನಗಳಲ್ಲಿ ಕಡಿಮೆ ಮಾಡುತ್ತವೆ. ಇನ್ನು, ಗೋಡೆಯ ಮೇಲೆ ಅಲುಗದೆ ನೇತಾಡುವ ‘ಸತ್ತ ಜೇಡ’ವನ್ನು ಗುಡಿಸುವ ಮುಂಚೆ ಬೆಳಕು ಹಿಡಿದು ನೋಡಿ, ಅದು ಒಳಗೆ ಟೊಳ್ಳಾಗಿದ್ದರೆ ಬಿಟ್ಟುಹೋದ ಪೊರೆಯಷ್ಟೆ, ಜೇಡ ಅಲ್ಲೇ ಎಲ್ಲೋ ಮೆತ್ತನೆಯ ಹೊಸ ಮೈಯಲ್ಲಿ ಅವಿತುಕೊಂಡಿರುತ್ತದೆ.

ಎಲ್ಲಿ ಬಿಡಬೇಕು

ಮನೆಯ ಜೇಡಗಳಿಗೆ ಒಣ ಜಾಗ, ಕತ್ತಲೆ ಮತ್ತು ಬೇಟೆ ಈ ಮೂರೂ ಸಿಗುವ ಕಡೆ ಬಿಡಬೇಕು. ಹಂಚಿನ ಮನೆಯಾದರೆ ಅಟ್ಟ ಎಲ್ಲಕ್ಕಿಂತ ಒಳ್ಳೆಯದು. ಕಟ್ಟಿಗೆ ಕೊಟ್ಟಿಗೆ, ದನದ ಕೊಟ್ಟಿಗೆ, ಕಾರು ನಿಲ್ಲಿಸುವ ಶೆಡ್, ನೀರೊಲೆಯಿರುವ ಹಳೆಯ ಬಚ್ಚಲಿನ ಮೂಲೆ, ಇವೆಲ್ಲವೂ ಆಗುತ್ತವೆ. ಕಾಂಕ್ರೀಟ್ ಮನೆಯವರು ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯನ್ನೋ ತಾರಸಿಯ ನೀರಿನ ಟ್ಯಾಂಕಿನ ಅಡಿಯನ್ನೋ ಆರಿಸಿಕೊಳ್ಳಬಹುದು. ಡಬ್ಬಿಯನ್ನು ಗೋಡೆಗೆ ಅಡ್ಡಲಾಗಿ ಒತ್ತಿ, ಕರೆಯೋಲೆ ಸರಿಸಿ, ಜೇಡ ಗೋಡೆಗೆ ಕಾಲು ಹಾಕುವವರೆಗೆ ಕಾಯಿರಿ, ಕುಟ್ಟಿ ಬೀಳಿಸಬೇಡಿ.

ಹೊರಗಿನ ಹುಳುಗಳ ವಿಷಯದಲ್ಲಿ ಸಮಯ ನೋಡಬೇಕು. ಹಗಲಿನ ಚಿಟ್ಟೆ, ಜೇನುಹುಳಗಳನ್ನು ರಾತ್ರಿ ಹೊರಹಾಕಿದರೆ ಮಳೆಗೋ ಚಳಿಗೋ ಬಲಿಯಾಗುತ್ತವೆ. ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ, ಒಳಗೊಂದು ಒಣ ಎಲೆ ಹಾಕಿ, ಬೆಳಗಿನವರೆಗೆ ತಂಪಾದ ಕತ್ತಲೆಯಲ್ಲಿಟ್ಟು, ಮಳೆ ಹೊಳವಾದಾಗ ಸೂರಿನಡಿಯ ಹೂಗಿಡದ ಎಲೆಯ ಕೆಳಮಗ್ಗುಲಿಗೆ ಹತ್ತಿಸಿ. ಪತಂಗಗಳಿಗೆ ಇದರ ತದ್ವಿರುದ್ಧ: ಹಗಲು ಬಿಟ್ಟರೆ ಹಕ್ಕಿಗಳ ಬಾಯಿಗೆ ಬೀಳುತ್ತವೆ, ಮುಸ್ಸಂಜೆ ಬಿಡಬೇಕು.

ದೀಪ ಮತ್ತು ರೆಕ್ಕೆಯವರು

ಒಳಗೆ ಬಂದ ಹುಳುಗಳನ್ನು ಉಳಿಸುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಸುಲಭ, ಮತ್ತು ಅದರ ಕೀಲಿ ಜಗಲಿಯ ಸ್ವಿಚ್ಚಿನಲ್ಲಿದೆ. ಬಿಳಿ ಮತ್ತು ನೀಲಿಯಂಚಿನ ಬೆಳಕು ಹುಳುಗಳನ್ನು ಹೆಚ್ಚು ಸೆಳೆಯುತ್ತದೆ, ಹಳದಿ ಛಾಯೆಯ ಎಲ್‌ಇಡಿ ದೀಪ ಅದಕ್ಕಿಂತ ಎಷ್ಟೋ ಕಡಿಮೆ. ಜಗಲಿ, ಅಂಗಳಗಳ ದೀಪಗಳನ್ನು ಹಳದಿಗೆ ಬದಲಾಯಿಸಿ, ಬೆಳಕು ಕೆಳಗೆ ಮಾತ್ರ ಬೀಳುವಂತೆ ಮರೆಮಾಡಿ, ಏಳು ಗಂಟೆಯ ಮೇಲೆ ಕಿಟಕಿಯ ಪರದೆ ಎಳೆದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಮಳೆ ಬಿದ್ದ ಸಂಜೆ ಹುತ್ತಗಳಿಂದ ರೆಕ್ಕೆ ಗೆದ್ದಲು ಏಳುತ್ತದೆ. ದೀಪದ ಕೆಳಗೆ ನೀರಿನ ತಪ್ಪಲೆ ಇಟ್ಟು ಅವುಗಳನ್ನು ಬೀಳಿಸುವುದು ಹಳೆಯ ಕ್ರಮ. ಅದರ ಬದಲು ಮನೆಯ ದೀಪಗಳನ್ನೆಲ್ಲ ಸುಮಾರು ಒಂದು ಗಂಟೆ ಆರಿಸಿಬಿಡಿ. ಜೋಡಿ ಹುಡುಕಿ ಹೊಸ ಗೂಡು ಹೂಡುವುದಕ್ಕೆಂದು ಹೊರಟ ಅವು ಅಷ್ಟರೊಳಗೆ ನೆಲಕ್ಕಿಳಿದು ರೆಕ್ಕೆ ಉದುರಿಸಿರುತ್ತವೆ, ಬೆಳಿಗ್ಗೆ ಗುಡಿಸಲು ರೆಕ್ಕೆಗಳಷ್ಟೇ ಉಳಿಯುತ್ತವೆ. ಅವು ಮನೆಯ ತೊಲೆಗೇ ಗೂಡು ಹೂಡಿದರೆ ಗತಿಯೇನು ಎನ್ನುವವರಿಗೆ ಉತ್ತರ ಇಷ್ಟು: ತೊಲೆಯ ಬುಡ ಒದ್ದೆಯಾಗದಂತೆ ನೋಡಿಕೊಳ್ಳುವುದು ಗೆದ್ದಲನ್ನು ದೂರವಿಡುವ ಕೆಲಸದಲ್ಲಿ ಮೊದಲನೆಯದು.

ಮಳೆಗಾಲದಲ್ಲಿ ಗೋಡೆಯ ಮೇಲೆ ಒಂದು ಗೇಣಿಗೂ ಅಗಲವಾದ, ಇಟ್ಟಿಗೆ ಕೆಂಪು ಬಣ್ಣದ, ರೆಕ್ಕೆಯ ತುದಿ ಹಾವಿನ ತಲೆಯಂತೆ ಕಾಣುವ ಪತಂಗ ಬಂದು ಕುಳಿತರೆ ಅದು ಅಟ್ಲಾಸ್ ಪತಂಗ. ಅದಕ್ಕೆ ತಿನ್ನಲು ಏನನ್ನೂ ಕೊಡಬೇಡಿ, ಏಕೆಂದರೆ ಅದಕ್ಕೆ ಉಣ್ಣುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಶಕ್ತಿಯಲ್ಲಿ ಒಂದೆರಡು ವಾರ ಮಾತ್ರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ದೀಪದ ಸುತ್ತ ಸುತ್ತಿ ಆ ಶಕ್ತಿಯನ್ನು ಕಳೆದುಕೊಂಡರೆ ಮತ್ತೆ ತುಂಬಿಕೊಳ್ಳಲು ದಾರಿಯಿಲ್ಲ. ನಮ್ಮ ಜಗಲಿಯಲ್ಲಿ ಒಮ್ಮೆ ಒಂದು ಬಂದಾಗ ಎರಡು ರಾತ್ರಿ ಆ ಕಡೆಯ ದೀಪ ಹಾಕದೆ, ಅತ್ತೆಯವರು ಕಾಲು ತಡವಿಕೊಂಡೇ ಬಾಗಿಲು ಹಾಕಿ ಬಂದರು. ಮೂರನೆಯ ಬೆಳಿಗ್ಗೆ ಗೋಡೆ ಖಾಲಿಯಾಗಿತ್ತು. ರೆಕ್ಕೆ ಹಿಡಿದು ಎತ್ತಬಾರದು, ಅದರ ಹುಡಿ ಉದುರುತ್ತದೆ. ಸಾಗಿಸಲೇಬೇಕಾದರೆ ಮುಂದಿನ ಕಾಲುಗಳ ಎದುರಿಗೆ ಕಡ್ಡಿಯೊಂದನ್ನು ಹಿಡಿಯಿರಿ, ತಾನೇ ಹತ್ತಿಕೊಳ್ಳುತ್ತದೆ.

ಜೇನು, ಕಣಜ, ಕುಂಬಾರ ಹುಳ

ಕೊಡಗಿನವರಿಗೆ ಜೇನಿನ ಬಗ್ಗೆ ದಯೆಯಷ್ಟೇ ಅಲ್ಲ, ಋಣವೂ ಇದೆ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಚ್ಚುತ್ತದೆ, ರೊಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕು, ಮತ್ತು ಕಾಫಿ ಹೂವರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾದ ಕೆಲವೇ ದಿನಗಳಲ್ಲಿ ಗಾಳಿಯ ಜೊತೆಗೂಡಿ ಆ ಕೆಲಸ ಮಾಡುವವು ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿಗಳು.

ಜೇನುಹುಳ ಒಂಟಿಯಾಗಿ ಕೋಣೆಯೊಳಗೆ ಬಂದರೆ ದೀಪ ಆರಿಸಿ, ಒಂದೇ ಕಿಟಕಿ ತೆರೆದು, ಉಳಿದವಕ್ಕೆ ಪರದೆ ಎಳೆಯಿರಿ. ಬೆಳಕಿನ ಕಡೆಗೆ ತಾನೇ ಹೋಗುತ್ತದೆ. ನೆಲದ ಮೇಲೆ ಸುಸ್ತಾಗಿ ತೆವಳುತ್ತಿದ್ದರೆ ಚಮಚದ ತುದಿಯಲ್ಲಿ ಒಂದು ಹನಿ ಸಕ್ಕರೆ ನೀರನ್ನು ಅದರ ಎದುರಿಗಿಡಿ. ಮನೆಯಲ್ಲಿ ಕೊಡಗಿನ ಜೇನುತುಪ್ಪವೇ ಇದ್ದರೂ ಅದನ್ನು ಕೊಡಬಾರದು, ಏಕೆಂದರೆ ಬೇರೆ ಗೂಡಿನ ತುಪ್ಪದಿಂದ ರೋಗ ಹರಡಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಒರೆಸಿಹಾಕಿದ್ದನ್ನು, ಪೆಟ್ಟಿಗೆಗಳು ಖಾಲಿ ನಿಂತದ್ದನ್ನು, ಹಿರಿಯ ಜೇನು ಕೃಷಿಕರು ಇನ್ನೂ ನೆನೆಯುತ್ತಾರೆ. ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಅಂಗಳದ ನೆರಳಿಗೆ ಒಂದು ಅಗಲ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನಿಟ್ಟು, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿಡಿ. ಕಾಲೂರಲು ಜಾಗವಿಲ್ಲದ ನೀರಿನಲ್ಲಿ ಅವು ಮುಳುಗುತ್ತವೆ. ಈ ತಟ್ಟೆಯನ್ನು ದಿನವೂ ತೊಳೆದು ನೀರು ಬದಲಾಯಿಸಬೇಕು.

ಹೆಜ್ಜೇನು ಸೂರಿನಲ್ಲಿ ಗೂಡು ಕಟ್ಟಿದರೆ ಮಾತ್ರ ಯಾವ ಸಾಹಸವೂ ಬೇಡ. ಹೊಗೆ ಹಾಕುವುದು, ಕಲ್ಲೆಸೆಯುವುದು ಅಪಾಯ. ಒಂದು ಹುಳು ಚುಚ್ಚಿದಾಗ ಹೊರಡುವ ವಾಸನೆ ಉಳಿದವುಗಳನ್ನು ಕೆರಳಿಸುತ್ತದೆ. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುವ ಜಾತಿ. ಜನರ ಓಡಾಟವಿಲ್ಲದ ಎತ್ತರದಲ್ಲಿದ್ದರೆ ಆ ಬದಿಯ ದೀಪ ಆರಿಸಿ, ಕೆಳಗೆ ಯಾರೂ ಹೋಗದಂತೆ ನೋಡಿಕೊಂಡರೆ ಮಳೆಗೆ ಮುಂಚೆ ತಾನೇ ಜಾಗ ಖಾಲಿ ಮಾಡುತ್ತದೆ. ಬಾಗಿಲ ಮೇಲೆಯೇ ಇದ್ದರೆ ಅನುಭವಿಗಳನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಚುಚ್ಚಿಸಿಕೊಂಡವರ ಮುಖ, ಗಂಟಲು ಊದಿ ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಕಿಟಕಿಯ ಚೌಕಟ್ಟು, ಬೀಗದ ಕಿಂಡಿ, ದೇವರ ಪಟದ ಹಿಂಭಾಗಗಳಲ್ಲಿ ಕೆಸರಿನ ಗೂಡು ಕಟ್ಟುವ ಕುಂಬಾರ ಹುಳ ಒಂಟಿಯಾಗಿ ಬಾಳುತ್ತದೆ, ಗೂಡು ಕಾಯಲೆಂದು ಮೇಲೆ ಬೀಳುವುದಿಲ್ಲ. ಅದರ ಒಂದೊಂದು ಕೋಣೆಯಲ್ಲೂ ಮರಿಗೆಂದು ಚುಚ್ಚಿ ಮರಗಟ್ಟಿಸಿದ ಜೇಡಗಳು ಒತ್ತಾಗಿ ತುಂಬಿರುತ್ತವೆ. ಜೇಡವನ್ನು ಉಳಿಸುವ ಕೈ ಈ ಗೂಡನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ, ಅವೆರಡರ ನಡುವಿನ ವ್ಯವಹಾರಕ್ಕೆ ಕೈ ಹಾಕದಿರುವುದು. ಗೂಡಿನಲ್ಲಿ ದುಂಡನೆಯ ತೂತು ಬಿದ್ದಿದ್ದರೆ ಮರಿ ಹಾರಿಹೋಗಿದೆ ಎಂದರ್ಥ, ಆಗ ಕೆರೆದು ತೆಗೆಯಬಹುದು.

ನೀರಿಗೆ ಬಿದ್ದವು

ಬಕೆಟ್ಟು, ಹಂಡೆ, ಸಿಂಕುಗಳ ನುಣುಪು ಗೋಡೆ ಹತ್ತಲಾಗದೆ ಸಾಯುವ ಹುಳುಗಳೇ ನಾವು ಹೊಡೆದು ಕೊಲ್ಲುವವುಗಳಿಗಿಂತ ಹೆಚ್ಚಿರಬೇಕು ಎಂದು ನನಗೆ ಅನ್ನಿಸುತ್ತದೆ. ರಾತ್ರಿ ಮಲಗುವ ಮುಂಚೆ ಬಕೆಟ್ಟನ್ನು ಬೋರಲು ಹಾಕಿ, ಹಂಡೆಗೆ ಮುಚ್ಚಳವಿಡಿ. ಸಿಂಕಿನ ಅಂಚಿನಿಂದ ಒಳಕ್ಕೆ ಒಂದು ಒರಟು ಬಟ್ಟೆಯ ತುದಿಯನ್ನು ಇಳಿಬಿಡಿ, ಅದೇ ಅವುಗಳಿಗೆ ಏಣಿ. ಬಿದ್ದದ್ದನ್ನು ಎಲೆಯಿಂದ ಎತ್ತಿ ಒಣ ಕಾಗದದ ಮೇಲಿಡಿ. ಸತ್ತಂತೆ ಕಂಡ ಜೇಡ ಮೈ ಒಣಗಿದ ಮೇಲೆ ಎದ್ದು ನಡೆಯುವುದುಂಟು, ಆದ್ದರಿಂದ ಒಂದೆರಡು ಗಂಟೆ ಕಾಯದೆ ಎಸೆಯಬೇಡಿ.

ಹಬ್ಬದ ಮುಂಚಿನ ಬಲೆ ತೆಗೆಯುವಿಕೆ

ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಎಂದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮನೆ ಶುಚಿಗೊಳಿಸುವ ಕೆಲಸ ಒಂದರ ಹಿಂದೊಂದು ಬರುತ್ತದೆ. ಬಲೆ ತೆಗೆಯಬೇಡಿ ಎಂದು ಹೇಳಿದರೆ ಯಾವ ಮನೆಯಲ್ಲೂ ನಡೆಯುವುದಿಲ್ಲ, ಹೇಳಲೂಬಾರದು. ಆದರೆ ಒಲೆಯ ಹೊಗೆ ಕೂತು ಕಪ್ಪಗೆ ಜೋಲುವ ಇಲ್ಲಣ ಬೇರೆ, ಜೇಡ ವಾಸವಿರುವ ಬಲೆ ಬೇರೆ. ಇಲ್ಲಣವನ್ನು ನಿಶ್ಚಿಂತೆಯಿಂದ ಗುಡಿಸಿ. ವಾಸದ ಬಲೆಯಾದರೆ ಬಿದಿರಿಗೆ ಕಟ್ಟಿದ ಪೊರಕೆಯ ತುದಿಯಿಂದ ಒಮ್ಮೆ ಮೆಲ್ಲಗೆ ತಟ್ಟಿ, ಜೇಡ ಸರಿದು ಮೂಲೆ ಸೇರಲು ಒಂದು ನಿಮಿಷ ಬಿಟ್ಟು, ಆಮೇಲೆ ಬಲೆಯನ್ನಷ್ಟೇ ಸುತ್ತಿಕೊಳ್ಳಿ. ಪೊರಕೆಗೇ ಜೇಡ ಹತ್ತಿದರೆ ನೆಲಕ್ಕೆ ಬಡಿಯದೆ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟರೆ ಇಳಿದುಹೋಗುತ್ತದೆ. ಅಟ್ಟದ ಒಂದು ಮೂಲೆಯನ್ನು ವರ್ಷವಿಡೀ ಗುಡಿಸದೆ ಬಿಡುವ ಒಪ್ಪಂದ ನಮ್ಮ ಮನೆಯಲ್ಲಿದೆ. ಹಬ್ಬದ ನೆಂಟರು ಅಟ್ಟ ಹತ್ತಿ ನೋಡುವುದಿಲ್ಲ.

ದಯೆಗೂ ಇರುವ ಎಲ್ಲೆ

ಸೊಳ್ಳೆಯ ವಿಷಯದಲ್ಲಿ ಕರುಣೆಯ ಮಾತು ಬೇಡ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ಸುಮಾರು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹಳೆ ಟೈರು, ಹೂಕುಂಡದ ತಟ್ಟೆಗಳಲ್ಲಿ ನಿಂತ ನೀರನ್ನು ಚೆಲ್ಲಿ, ತಳವನ್ನು ಉಜ್ಜಿ ತೊಳೆದರೆ ಹುಟ್ಟುವುದೇ ತಪ್ಪುತ್ತದೆ. ಸ್ಪ್ರೇ ಹೊಡೆದಾಗ ಸೊಳ್ಳೆಯ ಜೊತೆ ಅದನ್ನು ತಿನ್ನುವ ಜೇಡವೂ ಸಾಯುತ್ತದೆ ಎಂಬುದನ್ನು ಮರೆಯಬಾರದು. ನೀಲಿ ದೀಪದ ವಿದ್ಯುತ್ ಬಲೆಗಳಲ್ಲಿ ಸುಡುವವು ಬಹುಪಾಲು ಕಚ್ಚದ ಪತಂಗ, ದುಂಬಿಗಳೇ. ಜಿರಲೆಗೆ ಅಂಟಿನ ಹಲಗೆ ಇಡುವುದನ್ನಂತೂ ದಯವಿಟ್ಟು ನಿಲ್ಲಿಸಿ, ಹಲ್ಲಿ ಸಿಕ್ಕಿ ದಿನಗಟ್ಟಲೆ ನರಳುತ್ತದೆ. ಸಿಕ್ಕಿದ್ದರೆ ಅಡುಗೆ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ, ಕಾಲಿನ ಸುತ್ತ ಸವರುತ್ತಾ ಬಿಡಿಸಬಹುದು.

ಇರುವೆಗೆ ಅವುಗಳ ಸಾಲಿನ ವಾಸನೆಯೇ ದಾರಿ. ಸಾಲನ್ನು ಊದಿ ಚದುರಿಸಿ, ಆ ಜಾಡನ್ನು ಸೋಪಿನ ನೀರಿನಿಂದ ಒರೆಸಿ, ಬೆಲ್ಲ ಮತ್ತು ಜೇನಿನ ಡಬ್ಬಿಗಳನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಿ. ಹುಳು ಹಿಡಿದ ಅಕ್ಕಿಯನ್ನು ಬಿಸಿಲಿನಲ್ಲಿ ತೆಳುವಾಗಿ ಹರಡಿದರೆ ಹುಳುಗಳು ತಾವೇ ಎದ್ದು ಹೋಗುತ್ತವೆ, ಬಿಸಿಲು ಸಿಗುವ ತಿಂಗಳಲ್ಲಿ ಎಂಬುದನ್ನು ಸೇರಿಸಬೇಕಷ್ಟೆ.

ಚೇಳು, ದೊಡ್ಡ ಜರಿಗಳನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಉದ್ದನೆಯ ಇಕ್ಕಳದಿಂದ ಹಿಡಿದು, ಆಳವಾದ ಡಬ್ಬಿಗೆ ಹಾಕಿ, ಮನೆಯಿಂದ ದೂರದ ಕಲ್ಲುಗುಡ್ಡೆಯ ಬಳಿ ಬಿಡಿ. ಮಗುವಿಗೆ ಚೇಳು ಕುಟುಕಿದರೆ, ಅದು ಯಾವ ಬಣ್ಣದ್ದೇ ಇರಲಿ, ಆಸ್ಪತ್ರೆಗೆ ಕರೆದೊಯ್ಯಬೇಕು.

ಕಟ್ಟಿಗೆಯ ವಿಷಯದಲ್ಲಿ ಎರಡು ಮಾತು. ಒಲೆಗೆ ಇಡುವ ಮುಂಚೆ ಪ್ರತಿ ಕೊರಡನ್ನೂ ನೆಲಕ್ಕೆ ಎರಡು ಸಲ ಕುಟ್ಟಿ, ಕ್ಷಣಕಾಲ ಬಿಟ್ಟರೆ ಸಂದಿಯಲ್ಲಿರುವ ಇರುವೆ, ಜೇಡಗಳು ಹೊರಬೀಳುತ್ತವೆ. ಆದರೆ ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಕಾಂಡಕ್ಕೆ ಈ ಉಪಚಾರ ಸಲ್ಲದು. ಅದನ್ನು ಕಿತ್ತು ಸುಡದಿದ್ದರೆ ಹೊರಬಂದ ದುಂಬಿಗಳು ಪಕ್ಕದ ಗಿಡಗಳಿಗೆ, ಪಕ್ಕದವರ ತೋಟಕ್ಕೆ ಮೊಟ್ಟೆಯಿಡುತ್ತವೆ. ಸುಡಬೇಕಾದದ್ದನ್ನು ಕೊಟ್ಟಿಗೆಯಲ್ಲಿ ಪೇರಿಸಿಡದೆ ಆಗಲೇ ಸುಟ್ಟುಬಿಡಿ.

ಗಂಬೂಟುಗಳನ್ನು ರಾತ್ರಿ ಜಗಲಿಯಲ್ಲಿ ನೆಟ್ಟಗೆ ನಿಲ್ಲಿಸದೆ, ಗೋಡೆಗೆ ಹೊಡೆದ ಗೂಟಗಳಿಗೆ ಬಾಯಿ ಕೆಳಗಾಗಿ ಸಿಕ್ಕಿಸಿಡಿ. ಬೆಳಿಗ್ಗೆ ಕಾಲು ಹಾಕುವ ಮುಂಚೆ ಹಿಮ್ಮಡಿಯನ್ನು ಮೆಟ್ಟಿಲಿಗೆ ಮೂರು ಸಲ ತಟ್ಟಿ, ಕೊಡವಿ, ಏನಾದರೂ ಉದುರಿದರೆ ಅದು ಸರಿದುಹೋಗುವವರೆಗೆ ಬೂಟನ್ನು ಕೈಯಲ್ಲೇ ಹಿಡಿದುಕೊಂಡಿರಿ.